ನಿಂತಾಕಿಯ ಕಣ್ಣು

ನಮ್ಮ ಮನೆಗೆ ಫ್ರಿಜ್ ಬಂದ ದಿನ ಅಮ್ಮ ಇಡೀ ಗಲ್ಲಿಗೆ ಪೇಡೆ ಹಂಚಿದಳು. ಪುಣೆಯ ಬಿಬವೇವಾಡಿಯ ನಮ್ಮ ಸಾಲಿನಲ್ಲಿ ಅದು ಎರಡನೆಯ ಫ್ರಿಜ್. ಕನ್ನಡ ಶಾಲೆಯಲ್ಲಿ ಟೀಚರಾಗಿದ್ದ ಅವಳು ಅದಕ್ಕಾಗಿ ಎಷ್ಟು ವರ್ಷ ಕಾದಿದ್ದಳೋ ಅವಳಿಗೇ ಗೊತ್ತು. ಹದಿನೈದು ದಿನ ಅದರೊಳಗೆ ಹಾಲು, ಮೊಸರು, ಕೊತ್ತಂಬರಿ, ತಣ್ಣೀರಿನ ಬಾಟಲಿ ಎಲ್ಲ ಶಿಸ್ತಾಗಿ ಕೂತಿದ್ದವು. ಆಮೇಲೆ ಬೇಸಿಗೆ ಬಂತು, ಅಪ್ಪನ ಮೇಣ ಮೆತ್ತಗಾಗತೊಡಗಿತು. ಒಂದು ದಿನ ಶಾಲೆಯಿಂದ ಬಂದು ನೀರು ಕುಡಿಯೋಣವೆಂದು ಬಾಗಿಲು ತೆಗೆದರೆ ಮೇಲಿನ ಅರೆಯಲ್ಲಿ ಎರಡು ಕಾಲು, ನಡುವಿನ ಅರೆಯಲ್ಲಿ ತಲೆಯಿಲ್ಲದ ಒಂದು ಮುಂಡ. ತರಕಾರಿ ಇಡುವಲ್ಲಿ ಕಪ್ಪಗೆ ಏನೋ ಮಲಗಿತ್ತು, ಅದು ಭುಜವೆಂದು ಆಮೇಲೆ ತಿಳಿಯಿತು. ಎಲ್ಲವೂ ಮೇಣದವು, ಎಲ್ಲವೂ ಅಪ್ಪ ಮಾಡಿದವು. ಕಂಚಿನಲ್ಲಿ ಎರಕವಾಗುವ ಮೊದಲು ಅವು ಗಟ್ಟಿಯಾಗಿರಬೇಕು, ಅದಕ್ಕೆ ತಂಪು ಬೇಕು, ತಂಪು ಇದ್ದದ್ದು ಫ್ರಿಜ್ಜಿನಲ್ಲಿ. ಕೊತ್ತಂಬರಿ ಕಿಟಕಿಯ ಮೇಲೆ ಬಾಡಿ ಬಿದ್ದಿತ್ತು.

“ಹಾಲ ಎಲ್ಲಿ ಇಡ್ಲಿ ರೀ?” ಎಂದು ಅಮ್ಮ ಕೇಳಿದಳು.

“ಮೊಣಕಾಲ ಬಾಜೂಕ ಇಡು,” ಎಂದ ಅಪ್ಪ, ತಲೆ ಎತ್ತದೆ.

ನನ್ನ ಬಾಲ್ಯದ ಬಗ್ಗೆ ಯಾರಾದರೂ ಕೇಳಿದರೆ ನಾನು ಇದೊಂದು ಮಾತು ಹೇಳಿ ಸುಮ್ಮನಾಗುತ್ತೇನೆ. ಆದರೆ ಅದರಿಂದ ಪೂರ್ತಿ ತಿಳಿಯುವುದಿಲ್ಲ. ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ತಗಡಿನ ಶೆಡ್. ಅಪ್ಪ ಪಂಪು ಮಾಡುವ ಕಾರ್ಖಾನೆಯ ಎರಕದ ವಿಭಾಗದಲ್ಲಿ ಕೆಲಸಗಾರ. ಪುಣೆಯ ಕಾರ್ಖಾನೆಗಳಿಗೆ ಗುರುವಾರ ರಜೆ, ಶಾಲೆಗೆ ಭಾನುವಾರ ರಜೆ, ಹಾಗಾಗಿ ಅಪ್ಪನ ರಜೆಯೂ ನಮ್ಮ ರಜೆಯೂ ಒಂದೇ ದಿನ ಬಂದದ್ದೇ ಇಲ್ಲ. ಆರು ದಿನ ಹೊಟ್ಟೆಗಾಗಿ ಪಂಪು ಎರೆದು, ಏಳನೆಯ ದಿನ ಶೆಡ್ಡಿನಲ್ಲಿ ಮನುಷ್ಯರನ್ನು ಮಾಡುತ್ತಿದ್ದ. ಮನುಷ್ಯರು ಎಂದು ಅವನು ಹೇಳುತ್ತಿದ್ದ. ನಾವು ನಂಬಬೇಕು. ಮೇಣ ಕರಗಿಸಲು ಅಮ್ಮನ ಬಾಣಲೆ, ಸೋಸಲು ಅಮ್ಮನ ಚಹಾದ ಜರಡಿ, ನಯ ಮಾಡಲು ಅಮ್ಮನ ಒಳ್ಳೆಯ ಚಮಚ. ಮೇಣಕ್ಕೆ ಬೆರೆಸುತ್ತಿದ್ದ ರಾಳದ ವಾಸನೆ ಹಾಸಿಗೆಗೆ, ಯೂನಿಫಾರ್ಮಿಗೆ, ಯುಗಾದಿ ಪಾಡ್ಯದ ಶ್ರೀಖಂಡಕ್ಕೆ ಎಲ್ಲದಕ್ಕೂ ಅಂಟಿತ್ತು. ಶಾಲೆಯಲ್ಲಿ ನನ್ನ ಪಕ್ಕದ ಹುಡುಗಿ, ನಿಮ್ಮ ಮನೆಯಲ್ಲಿ ದಿನಾಲೂ ಪೂಜೆ ಇರುತ್ತದಾ ಎಂದು ಕೇಳಿದ್ದಳು. ಹೌದು ಎಂದು ಸುಳ್ಳು ಹೇಳಿದೆ. ನಿಜ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಪೂಜೆ ಇದ್ದದ್ದು ಅಜ್ಜಿಯದು. ಅಪ್ಪನ ಅವ್ವ. ಇಳಕಲ್ಲಿನ ಕಡೆಯ ಹಳ್ಳಿಯಿಂದ ಬಂದು ನಮ್ಮ ನಡುಕೋಣೆಯ ಗೋಡೆಗೊರಗಿ ಕೂತವಳು ಮತ್ತೆ ಹೋಗಲಿಲ್ಲ. ನಮ್ಮ ಮನೆತನದವರು ಕಂಚುಗಾರರು. ಅಜ್ಜ ಸುತ್ತಲಿನ ಹಳ್ಳಿಗಳಿಗೆಲ್ಲ ದೇವರ ಮುಖ ಎರೆದು ಕೊಡುತ್ತಿದ್ದನಂತೆ. ಮುಖ ಸಿದ್ಧವಾದ ಮೇಲೂ ಅದು ಬರೀ ಲೋಹ. ಕೊನೆಯ ದಿನ ಸ್ನಾನ ಮಾಡಿ, ಉಪವಾಸವಿದ್ದು, ಸಣ್ಣ ಉಳಿಯಿಂದ ಕಣ್ಣು ತೆರೆಯಬೇಕು. ಹೊಸ ಕಣ್ಣಿನ ಮೊದಲ ನೋಟ ಯಾರ ಮೇಲೂ ಬೀಳಬಾರದು, ಅದಕ್ಕೆ ಎದುರಿಗೆ ಕನ್ನಡಿ ಇಟ್ಟು, ತಾನು ಪಕ್ಕಕ್ಕೆ ಸರಿದು ಕೂತು, ಕನ್ನಡಿಯಲ್ಲಿ ನೋಡಿಕೊಂಡು ಉಳಿ ಆಡಿಸಬೇಕು. ಕಣ್ಣಿಲ್ಲದ ಮೂರ್ತಿ ಮನೆಯ ಹೊಸ್ತಿಲು ದಾಟಬಾರದು. ತೆರೆದ ಕಣ್ಣನ್ನು ಮತ್ತೆ ಮುಚ್ಚಬಾರದು. ಅಜ್ಜನ ದೃಷ್ಟಿ ಮಂದವಾದ ಮೇಲೆ ಈ ಕೆಲಸವನ್ನು ಅಜ್ಜಿಯೇ ಮಾಡುತ್ತಿದ್ದಳು. ಹೆಂಗಸು ದೇವರ ಕಣ್ಣು ತೆರೆಯುತ್ತಾಳೆಂದು ಊರಿಗೆ ತಿಳಿದರೆ ಯಾರು ಮುಖ ಕೊಳ್ಳುತ್ತಾರೆ? ಮಾತು ಮನೆಯೊಳಗೇ ಉಳಿಯಿತು, ಹೆಸರು ಅಜ್ಜನಿಗೇ ಬಂತು. ಆ ಸಣ್ಣ ಉಳಿಗಳನ್ನು ಅಜ್ಜಿ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ ನಮ್ಮ ದೇವರ ಗೂಡಿನ ಕೆಳಗೆ ಇಟ್ಟುಕೊಂಡಿದ್ದಳು. ನಾನು ಮುಟ್ಟಿದರೆ ಕೈ ಮೇಲೆ ಪೆಟ್ಟು ಬೀಳುತ್ತಿತ್ತು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಅಪ್ಪ ಒಂದೇ ಒಂದು ಕಣ್ಣು ಕೆತ್ತುತ್ತಿರಲಿಲ್ಲ. ಪುಣೆಗೆ ಬಂದ ಹೊಸತರಲ್ಲಿ ಕಾರ್ಖಾನೆ ಮುಗಿಸಿ ಸಂಜೆಯ ಕಲಾ ತರಗತಿಗೆ ಹೋಗುತ್ತಿದ್ದನಂತೆ. ಅಲ್ಲಿ ಏನು ಕಲಿತನೋ, ಅಜ್ಜಿಯ ಪ್ರಕಾರ ಇದ್ದದ್ದನ್ನೂ ಮರೆತು ಬಂದ. ಅವನ ಮನುಷ್ಯರಿಗೆ ಕೈ ಇದ್ದರೆ ಬೆರಳಿಲ್ಲ, ತಲೆ ಇದ್ದರೆ ಮುಖವಿಲ್ಲ. ಒಬ್ಬ ಮುದುಕನ ಎದೆಯ ನಡುವೆ ಆರಪಾರ ತೂತು, ಅದರೊಳಗಿಂದ ನಮ್ಮ ತುಳಸಿಕಟ್ಟೆ ಕಾಣುತ್ತಿತ್ತು. ಪಕ್ಕದ ಮನೆಯ ಶಿಂದೆ ಕಾಕು ಸಕ್ಕರೆ ಕೇಳಲು ಬಂದಾಗಲೆಲ್ಲ ಶೆಡ್ಡಿನ ಕಡೆ ಕತ್ತು ಚಾಚಿ, ಇದೇನೆಂದು ಮರಾಠಿಯಲ್ಲಿ ಕೇಳುತ್ತಿದ್ದರು.

“ಹೇ ಕಾಯ್ ಆಹೇ, ಭಾವೂಜಿ?”

“ಬಾಯೀ ಆಹೇ,” ಅಪ್ಪ ಹೇಳುತ್ತಿದ್ದ, ಹೆಂಗಸು ಎಂದು.

“ಮಗ ತಿಚಂ ತೋಂಡ್ ಕುಠೇ?”

ಅವಳ ಮುಖ ಎಲ್ಲಿ ಎಂಬ ಆ ಪ್ರಶ್ನೆಗೆ ಅಪ್ಪನ ಬಳಿ ಉತ್ತರವಿರುತ್ತಿತ್ತು, ಉದ್ದನೆಯದು. ಕಾಕು ಸಕ್ಕರೆ ತೆಗೆದುಕೊಂಡು ಹೋದ ಮೇಲೂ ಅದು ಮುಗಿಯುತ್ತಿರಲಿಲ್ಲ, ಉಳಿದರ್ಧವನ್ನು ನಾವು ಕೇಳಬೇಕಾಗುತ್ತಿತ್ತು. ಮುಖ ಇಟ್ಟರೆ ಜನ ಮುಖವನ್ನೇ ನೋಡುತ್ತಾರೆ, ಮೈ ಏನು ಹೇಳುತ್ತದೆಂದು ಯಾರೂ ನೋಡುವುದಿಲ್ಲ ಎಂಬುದು ಅದರ ಸಾರ. ಅಜ್ಜಿ ಗೋಡೆಯ ಕಡೆ ತಿರುಗಿ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು, “ಕುರುಡರ ಮನಿ ಆತು ನಮ್ಮದು.”

ಇನ್ನು ನನ್ನ ವಿಷಯ. ಏಳನೆಯ ಇಯತ್ತೆಯಲ್ಲಿ ನಮ್ಮ ಶಾಲೆಯಿಂದ ಭೋರ್ ಊರಿಗೆ ಸಹಲು, ಅಂದರೆ ಪ್ರವಾಸ, ಹೊರಟಿತ್ತು. ಅರಮನೆ, ಘಾಟು, ನದಿಯ ದಂಡೆಯಲ್ಲಿ ಊಟ. ತಂದೆಯ ಸಹಿ ಮಾಡಿಸಿಕೊಂಡು ಬರಲು ಒಪ್ಪಿಗೆ ಚೀಟಿ ಕೊಟ್ಟಿದ್ದರು. ನಾನು ಅದನ್ನು ಅಪ್ಪನ ಕೈಗೆ ಕೊಟ್ಟೆ. ಕೊಡಬಾರದಿತ್ತು, ಅಮ್ಮನಿಗೆ ಕೊಡಬೇಕಿತ್ತು, ಆದರೆ ಚೀಟಿಯಲ್ಲಿ ತಂದೆಯ ಸಹಿ ಎಂದಿತ್ತಲ್ಲ. ಕೊಡುವ ಕೊನೆಯ ದಿನ ಕೇಳಿದರೆ ಅಪ್ಪನಿಗೆ ನೆನಪೇ ಇಲ್ಲ. ಹುಡುಕಿದಾಗ ಶೆಡ್ಡಿನ ಗೋಡೆಯ ಮೇಲೆ ಮೊಳೆಗೆ ಚುಚ್ಚಿದ ಆ ಚೀಟಿ ಸಿಕ್ಕಿತು. ಅದರ ಹಿಂದೆ ಮುಂದೆ ಇದ್ದಿಲಿನಿಂದ ಬೆನ್ನುಗಳು. ಬರೀ ಬೆನ್ನುಗಳು. ನನ್ನ ಹೆಸರಿನ ಮೇಲೆ ಯಾರದೋ ಸೊಂಟ. ಅದನ್ನು ಶಾಲೆಗೆ ಹೇಗೆ ಕೊಡಲಿ? ನಾಳೆ ಇನ್ನೊಂದು ಬರೆಸಿಕೊಂಡು ಬಾ ಎಂದ ಅಪ್ಪ. ಬಸ್ಸು ಹೊರಡುವುದೇ ನಾಳೆ. ಮರುದಿನ ಇಡೀ ತರಗತಿ ಭೋರಿನ ಘಾಟಿನಲ್ಲಿ ಹಾಡು ಹೇಳುತ್ತಿದ್ದಾಗ ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಅಳಬಾರದೆಂದು ಹಟ ಹಿಡಿದಿದ್ದೆ. ಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿ, ಬಲಭುಜವನ್ನು ಕಿವಿಯವರೆಗೆ ಎತ್ತಿ, ಕೈ ಹಿಂದೆ ಕಟ್ಟಿ, ಗದ್ದ ತಗ್ಗಿಸಿ ನಿಂತಿದ್ದೆ. ಅಂದು ಗುರುವಾರ. ಅಪ್ಪ ತಿರುಗಿ ನೋಡಿದ. ನೋಡುತ್ತಲೇ ಇದ್ದ. ಈಗ ಕ್ಷಮೆ ಕೇಳುತ್ತಾನೆ ಎಂದುಕೊಂಡೆ.

“ಹಂಗs ನಿಂದ್ರು,” ಎಂದ. “ಒಂಚೂರೂ ಅಲಗ್ಯಾಡಬ್ಯಾಡ.”

ಮೇಣದ ಉಂಡೆ ಕೈಗೆ ತೆಗೆದುಕೊಂಡ. ಕತ್ತಲಾಗುವವರೆಗೂ ನಿಲ್ಲಿಸಿದ. ಸಹಲಿಗೆ ಹೋಗಲಾಗದ ಸಿಟ್ಟಿಗೆ ಸಿಕ್ಕ ಪರಿಹಾರ ಅದು!

ಅಲ್ಲಿಂದ ಎಂಟು ತಿಂಗಳು ಪ್ರತಿ ಗುರುವಾರ ಶಾಲೆಯಿಂದ ಬಂದು, ಅವಲಕ್ಕಿ ತಿಂದು, ಶೆಡ್ಡಿನ ಬಾಗಿಲಲ್ಲಿ ನಿಲ್ಲುವುದು ನನ್ನ ಕೆಲಸವಾಯಿತು. ತೊಂದರೆ ಏನೆಂದರೆ ಭೋರಿನ ಸಿಟ್ಟು ಎರಡು ವಾರಕ್ಕೆ ಇಳಿದುಹೋಯಿತು. ಅಪ್ಪನಿಗೆ ಅದೇ ಸಿಟ್ಟು ಬೇಕು. “ಸಿಟ್ಟಿಗೇಳವ್ವಾ ಗಂಗಾ, ನೀ ಬರೇ ನಿಂತಿ,” ಎಂದು ಗೋಗರೆಯುತ್ತಿದ್ದ. ಬಾರದ ಸಿಟ್ಟನ್ನು ಎಲ್ಲಿಂದ ತರಲಿ ಎಂದು ಯೋಚಿಸುತ್ತ ಯೋಚಿಸುತ್ತ ನಿಜವಾಗಿಯೂ ಸಿಟ್ಟು ಬರುತ್ತಿತ್ತು, ಆಗ ಅವನು “ಹಾಂ, ಬಂತು ಬಂತು” ಎಂದು ಖುಷಿಪಡುತ್ತಿದ್ದ. ಅವನ ಖುಷಿ ನೋಡಿ ಸಿಟ್ಟು ಇನ್ನೂ ಏರುತ್ತಿತ್ತು. ಅಷ್ಟು ತಿಂಗಳಲ್ಲಿ ಅವನು ನನ್ನ ಮುಖವನ್ನು ಒಂದು ಸಲವೂ ನೋಡಲಿಲ್ಲ. ಭುಜ ನೋಡಿದ, ಸೊಂಟ ನೋಡಿದ, ಹಿಮ್ಮಡಿ ನೆಲಕ್ಕೆ ಹೇಗೆ ಒತ್ತುತ್ತದೆಂದು ಬಗ್ಗಿ ನೋಡಿದ. ಮೂಗಿನ ಮೇಲೆ ನೊಣ ಕೂತು ನಾನು ಒದ್ದಾಡಿದರೆ ಅಲಗಾಡಬೇಡ ಎಂದನೇ ಹೊರತು ನೊಣ ಓಡಿಸಲಿಲ್ಲ. ಒಂದು ದಿನ ಹಣೆಗೆ ಕುಂಕುಮದ ಬದಲು ಅಮ್ಮನ ಕೆಂಪು ಪೆನ್ನಿನಿಂದ ದೊಡ್ಡ ಗುಣಾಕಾರ ಚಿಹ್ನೆ ಹಾಕಿಕೊಂಡು ಹೋಗಿ ನಿಂತೆ. ಎರಡು ತಾಸು ಕಳೆಯಿತು. ಅಪ್ಪನಿಗೆ ಕಾಣಲೇ ಇಲ್ಲ. ಊಟಕ್ಕೆ ಕೂತಾಗ ಅಜ್ಜಿ ನೋಡಿ, ಸೆರಗಿಗೆ ಎಂಜಲು ಹಚ್ಚಿ ತಿಕ್ಕಿ ಒರೆಸಿದಳು. ನನಗೆ ಆಗ ಬೇಕಾಗಿದ್ದದ್ದು ಇಷ್ಟೇ, ಅಪ್ಪ ಒಮ್ಮೆ ನನ್ನ ಮುಖ ನೋಡಬೇಕು. ಅದು ಬಿಟ್ಟರೆ ಆ ಗೊಂಬೆಗೆ ನನ್ನದೆನ್ನುವ ಒಂದು ಗುರುತಾದರೂ ಇರಬೇಕು.

ಎರಕ ಹೊಯ್ಯುವುದು ನಮ್ಮ ಶೆಡ್ಡಿನಲ್ಲಿ ಆಗುತ್ತಿರಲಿಲ್ಲ. ಶಿರೂರಿನ ರಸ್ತೆಯಲ್ಲಿ ಅಪ್ಪನ ಗೆಳೆಯನೊಬ್ಬನ ಸಣ್ಣ ಫೌಂಡ್ರಿ ಇತ್ತು, ಒಂದು ಗುರುವಾರ ಶಾಲೆ ತಪ್ಪಿಸಿ ನನ್ನನ್ನೂ ಕರೆದುಕೊಂಡು ಹೋದ. ಮೇಣದ ನನ್ನ ಮೇಲೆ ಮಣ್ಣು, ಸಗಣಿ, ಹೊಟ್ಟು ಮೆತ್ತಿ ಒಣಗಿಸಿದ್ದರು. ಬೆಂಕಿಗಿಟ್ಟಾಗ ಮೇಣವೆಲ್ಲ ಕರಗಿ ಕೆಳಗಿನ ತೂತಿನಿಂದ ತಗಡಿನ ಡಬ್ಬಿಗೆ ಸುರಿಯಿತು. ಒಳಗೆ ಉಳಿದ ಖಾಲಿ ಜಾಗಕ್ಕೆ ಕಂಚು ಹೊಯ್ದರು. ಎಂಟು ತಿಂಗಳು ನಿಂತ ನಾನು ಆ ಡಬ್ಬಿಯಲ್ಲಿ ಕರಗಿ ಕೂತಿದ್ದೆ, ಮುಂದಿನ ವಾರ ಆ ಮೇಣದಲ್ಲಿ ಅಪ್ಪ ಬೇರೆ ಯಾರದೋ ಬೆನ್ನು ಮಾಡಿದ. ತಣ್ಣಗಾದ ಮೇಲೆ ಮಣ್ಣು ಒಡೆದು, ಉಜ್ಜಿ, ಬಣ್ಣ ಕೊಟ್ಟು ಮನೆಗೆ ತಂದ ಮೂರ್ತಿ ಅಜ್ಜಿಯ ಸೊಂಟದೆತ್ತರ ಇತ್ತು. ಕೈಗಳು ಮೈಯೊಳಗೇ ಸೇರಿಹೋಗಿದ್ದವು. ಒಂದು ಭುಜ ಮೇಲೆ. ತಲೆ ಒಂದು ನಯವಾದ ಮೊಟ್ಟೆ, ಸ್ವಲ್ಪ ತಗ್ಗಿದ್ದು. ಮುಖದ ಜಾಗದಲ್ಲಿ ಏನೂ ಇಲ್ಲ. ಅಪ್ಪ ಅದಕ್ಕೆ ‘ನಿಂತಾಕಿ’ ಎಂದು ಹೆಸರಿಟ್ಟ. ಮುಂಬಯಿಯ ಗ್ಯಾಲರಿಯವರು ಫೋಟೋ ನೋಡಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅಪ್ಪನ ಮೂರ್ತಿಗಳನ್ನು ಪ್ರದರ್ಶನಕ್ಕಿಡಲು ಒಪ್ಪಿದರು. ಅವರ ಪಟ್ಟಿಯಲ್ಲಿ ನನ್ನ ಹೆಸರು ‘ಸ್ಟ್ಯಾಂಡಿಂಗ್ ಫಿಗರ್ ನಾಲ್ಕು’ ಎಂದಿತ್ತು. ಮೊದಲಿನ ಮೂವರು ಯಾರೆಂದು ಕೇಳಿದೆ. ಅಪ್ಪನಿಗೂ ಸರಿಯಾಗಿ ನೆನಪಿರಲಿಲ್ಲ.

ಅದೇ ಮಳೆಗಾಲದಲ್ಲಿ ಶಾಲೆಗೆ ಕಣ್ಣಿನ ಡಾಕ್ಟರು ಬಂದರು. ಎದುರಿನ ಪಟ್ಟಿಯಲ್ಲಿ ಮೇಲಿನ ಅಕ್ಷರ ಬಿಟ್ಟರೆ ನನಗೆ ಏನೂ ಕಾಣಲಿಲ್ಲ. ಇಷ್ಟು ದಿನ ಜನರನ್ನು ಹೇಗೆ ಗುರುತು ಹಿಡಿಯುತ್ತಿದ್ದೆ ಎಂದು ಅವರು ಕೇಳಿದರು. ನಿಂತ ರೀತಿಯಿಂದ, ನಡೆಯುವ ರೀತಿಯಿಂದ ಎಂದೆ. ದೂರದಿಂದ ಎಲ್ಲರನ್ನೂ ಹಾಗೇ ಗುರುತಿಸುತ್ತಾರೆ ಎಂದೇ ನಾನು ತಿಳಿದಿದ್ದೆ. ದಪ್ಪ ಗಾಜಿನ ಚಸ್ಮಾ ಬಂತು. ಮನೆಗೆ ಹಾಕಿಕೊಂಡು ಬಂದ ದಿನ ಅಜ್ಜಿ ನನ್ನನ್ನು ನೋಡಿದಳು, ಶೆಡ್ಡಿನ ಕಡೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಅವಳ ಲೆಕ್ಕ ಒಂದೇ ಕ್ಷಣದಲ್ಲಿ ಮುಗಿಯಿತು.

“ಜೀವಂತ ಹುಡುಗಿನ್ನ ನಿಂದರಿಸಿ ಗೊಂಬಿ ಮಾಡಿ. ಗೊಂಬಿಗೆ ಕಣ್ಣಿಲ್ಲ. ಈಗ ಹುಡುಗಿ ಕಣ್ಣ ಹೊಂಟಾವು,” ಎಂದು ಅಪ್ಪನ ಎದುರು ನಿಂತಳು. “ಎರಡ ಗೆರಿ ಎಳಿಯಪಾ. ಅಕ್ಕಿಕಾಳಷ್ಟು. ಯಾರಿಗೂ ಕಾಣದಂಗ ಎಳಿ, ನನಗೇನು.”

“ಯವ್ವಾ, ಅದು ದೇವರಲ್ಲ. ಆಕಿ ಪುಸ್ತಕ ಮೂಗಿಗೆ ಹಚ್ಚಿ ಓದತಾಳ, ಅದಕ ಚಸ್ಮಾ ಬಂದದ.”

“ಪುಸ್ತಕ ಎಲ್ಲಾರೂ ಓದತಾರ. ಶಿಂದೇರ ಹುಡುಗಿಗೆ ಯಾಕ ಬಂದಿಲ್ಲ?”

ಹದಿನೈದು ದಿನ ಇದೇ ಜಗಳ. ಚಹಾಕ್ಕೆ ಜಗಳ, ಊಟಕ್ಕೆ ಜಗಳ, ಸ್ನಾನದ ನೀರು ಕಾಯುವುದರೊಳಗೆ ಇನ್ನೊಂದು ಸುತ್ತು. ನನ್ನ ಕಣ್ಣಿನ ಬಗ್ಗೆ ಇಬ್ಬರೂ ಇಷ್ಟು ಮಾತಾಡುತ್ತಿದ್ದರು, ಆದರೆ ಚಸ್ಮಾ ಮೂಗಿನ ಮೇಲೆ ಒತ್ತುತ್ತದೆಂದು ನಾನು ಹೇಳಿದ್ದು ಯಾರಿಗೂ ಕೇಳಲಿಲ್ಲ. ಅಮ್ಮ ಮಾತ್ರ ಎಲ್ಲರಿಗೂ ಬಡಿಸಿ, ಕೊನೆಗೆ ತಾನು ಕೂತು, ಈ ಮನೆಯಲ್ಲಿ ಬುದ್ಧಿ ಇರುವವರು ಯಾರಾದರೂ ಇದ್ದರೆ ಉಪ್ಪಿನಕಾಯಿ ಇತ್ತ ಸರಿಸಿ ಎನ್ನುತ್ತಿದ್ದಳು.

ಮುಂಬಯಿಗೆ ಒಯ್ಯುವ ಟೆಂಪೊ ಬರುವ ಹಿಂದಿನ ದಿನ ಅಪ್ಪ ರಜೆ ಹಾಕಿ, ಮೂರ್ತಿಗಳನ್ನು ಕಟ್ಟಲು ಗೋಣಿತಟ್ಟು, ಹುಲ್ಲು ತರಲು ಪೇಟೆಗೆ ಹೋದ. ಅಮ್ಮ ಶಾಲೆಗೆ ಹೋಗಿದ್ದಳು. ನನ್ನದು ಅರ್ಧ ದಿನದ ಶಾಲೆ. ಬಂದಾಗ ಅಜ್ಜಿ ತನ್ನ ಜಾಗದಲ್ಲಿ ಇರಲಿಲ್ಲ. ಬೆಳಿಗ್ಗೆಯಿಂದ ಊಟ ಬೇಡವೆಂದಿದ್ದಳು, ತಲೆಗೆ ನೀರು ಹಾಕಿಕೊಂಡಿದ್ದಳು, ಆಗಲೇ ತಿಳಿಯಬೇಕಿತ್ತು. ಶೆಡ್ಡಿನಲ್ಲಿ ಅಪ್ಪನ ದಾಡಿಯ ಕನ್ನಡಿಯನ್ನು ಇಟ್ಟಿಗೆಗೆ ಒರಗಿಸಿ, ಮೂರ್ತಿಯ ಪಕ್ಕಕ್ಕೆ ಕೂತು, ಅಜ್ಜಿ ಕೊನೆಯ ಸಣ್ಣ ಪೆಟ್ಟು ಹಾಕುತ್ತಿದ್ದಳು. ನನ್ನನ್ನು ನೋಡಿ, ಕನ್ನಡಿಯ ಮುಂದೆ ಬರಬೇಡ ಎಂದು ಕೈಸನ್ನೆ ಮಾಡಿದಳು. ಆಮೇಲೆ ಎದ್ದು ಪಕ್ಕಕ್ಕೆ ಸರಿದಳು.

ನಯವಾದ ಆ ಕಂಚಿನ ಮೊಟ್ಟೆಯ ಮೇಲೆ ಎರಡು ಕಣ್ಣು. ದೇವರ ಮುಖದ ದೊಡ್ಡ ಬಟ್ಟಲುಗಣ್ಣಲ್ಲ. ಸಣ್ಣವು, ಹೊರತುದಿಯಲ್ಲಿ ತುಸು ಇಳಿದವು, ಎಡಗಣ್ಣು ಬಲಗಣ್ಣಿಗಿಂತ ಒಂದು ಎಳೆ ಕಿರಿದು. ನನ್ನವು. ನನ್ನ ಎಡಗಣ್ಣು ಕಿರಿದೆಂದು ನನಗೇ ಆವರೆಗೆ ಗೊತ್ತಿರಲಿಲ್ಲ. ಕನ್ನಡಿ ತೆಗೆದುಕೊಂಡು ನೋಡಿಕೊಂಡೆ, ನಿಜ. ಆ ಮನೆಯಲ್ಲಿ ಒಬ್ಬರು ನನ್ನನ್ನು ಅಷ್ಟು ನೋಡಿದ್ದರು. ಅಜ್ಜಿಯ ಕೊರಳಿಗೆ ಬಿದ್ದೆ, ಅವಳು “ಇನ್ನ ಚಿಂತಿಲ್ಲ, ಚಸ್ಮಾ ತಗದ ಒಗಿ” ಎಂದಳು.

ಅಷ್ಟರಲ್ಲಿ ಶಿಂದೆ ಕಾಕು ಸಕ್ಕರೆಗೆ ಬಂದರು. ಬಂದವರು ಎಂದಿನಂತೆ ಕತ್ತು ಚಾಚಿದರು, ನಿಂತರು, ಚಪ್ಪಲಿ ಬಿಟ್ಟು ಒಳಗೆ ಬಂದರು.

“ಅಗೋ ಬಾಯೀ! ಕಿತೀ ಛಾನ್ ಡೋಳೇ! ಕುಠಲೀ ದೇವೀ ಹೀ?”

ಎಂಥ ಚೆಂದದ ಕಣ್ಣು, ಯಾವ ದೇವಿ ಎಂದು ಕೇಳಿ, ಎರಡೂ ಕೈ ಮುಗಿದರು. ಮುಗಿದ ಕೈಯನ್ನು ಕಣ್ಣಿಗೊತ್ತಿಕೊಂಡರು. ಅವರ ನೋಟ ಆ ಎರಡು ಅಕ್ಕಿಕಾಳು ಬಿಟ್ಟು ಒಂದಿಂಚು ಕೆಳಗಿಳಿಯಲಿಲ್ಲ. ನಾನು ಮೂರ್ತಿಯ ಭುಜ ನೋಡಿದೆ. ಆ ಭುಜಕ್ಕಾಗಿ ನನ್ನ ಭುಜ ಎಂಟು ತಿಂಗಳು ನೊಂದಿತ್ತು. ಭೋರಿನ ಬಸ್ಸು ಅದರೊಳಗಿತ್ತು, ಅಳಬಾರದೆಂಬ ಹಟ ಅದರೊಳಗಿತ್ತು. ಈಗ ಅದು ದೇವಿಯೊಬ್ಬಳ ಪೀಠವಾಗಿ ಕೂತಿತ್ತು. ಸಿಟ್ಟಾದ ಹುಡುಗಿ ಮಾಯವಾಗಿದ್ದಳು. ಅಪ್ಪ ಇಷ್ಟು ವರ್ಷ ಬೇಜಾರು ಹಿಡಿಸುವಷ್ಟು ಹೇಳಿದ್ದು ನಿಜವೆಂದು ಆ ಹೊತ್ತಿನಲ್ಲಿ ತಿಳಿದದ್ದು ನನಗೆ ಒಂಚೂರೂ ಸೇರಲಿಲ್ಲ. ಅವನು ಹೇಳಿದ್ದು ನಿಜವಾಗಿರಬಾರದಿತ್ತು.

ಅಪ್ಪ ಗೋಣಿತಟ್ಟು ಹೊತ್ತು ಬಂದ. ನೋಡಿದ. ಕೂಗಾಡಲಿಲ್ಲ. ಮೂರ್ತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬೆರಳಿನಿಂದ ಒಂದೊಂದೇ ಗೆರೆ ಮುಟ್ಟಿದ.

“ಕೈ ಇನ್ನೂ ಹಂಗs ಅದ ಯವ್ವಾ ನಿಂದು,” ಎಂದ.

ಆಮೇಲೆ ಲೋಹ ಉಜ್ಜುವ ಅರ ತೆಗೆದುಕೊಂಡ. ಅಜ್ಜಿ ಮೂರ್ತಿಗೂ ಅವನಿಗೂ ನಡುವೆ ಕೂತಳು. ತೆರೆದ ಕಣ್ಣು ಮುಚ್ಚಿದ ಕಂಚುಗಾರ ನಮ್ಮ ಮನೆತನದಲ್ಲಿ ಇಲ್ಲ, ಮುಚ್ಚಿದರೆ ಈ ಹುಡುಗಿಯ ಕಣ್ಣು ಪೂರಾ ಹೋಗುತ್ತದೆ ಎಂದಳು. ಅಪ್ಪನ ಕೈಯಲ್ಲಿ ಅರ ಹಾಗೇ ನಿಂತಿತು. ಆಗ ನನಗೆ ಅರ್ಥವಾಯಿತು, ಅವನಿಗೂ ಹೆದರಿಕೆ ಇತ್ತು. ಅಷ್ಟು ದೊಡ್ಡ ಮಾತಾಡುವವನು, ಎದೆಯಲ್ಲಿ ತೂತಿರುವ ಮುದುಕನನ್ನು ಮಾಡಿದವನು, ಹೊಟ್ಟೆಯೊಳಗೆ ಇನ್ನೂ ಇಳಕಲ್ಲಿನ ಕಂಚುಗಾರನ ಮಗನೇ. ನಾಳೆ ಟೆಂಪೊ. ಕಣ್ಣಿರುವ ಮೂರ್ತಿಯನ್ನು ಅವನು ಗ್ಯಾಲರಿಗೆ ಕಳಿಸಲಾರ, ಕಣ್ಣನ್ನು ಉಜ್ಜಲಾರ. ಅಮ್ಮ ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತು ಎಲ್ಲ ನೋಡಿ, ಚಹಾಕ್ಕಿಡಲು ಒಳಗೆ ಹೋದಳು. ಕೊನೆಗೆ ಅಪ್ಪ ತಿರುಗಿ, ಮೊದಲ ಸಲ, ನನ್ನ ಮುಖ ನೋಡಿದ.

“ನಿನ್ನ ಕಣ್ಣು. ನೀ ಹೇಳವ್ವಾ. ಇರ್ಲೋ, ತಗೀಲೋ?”

ಎಂಥ ಮನೆ ನೋಡಿ! ಎಂಟು ತಿಂಗಳು ಕಾಲು ನೋಯುತ್ತದಾ ಎಂದು ಕೇಳದವನು ಇದನ್ನು ಕೇಳಿದ. ದೊಡ್ಡವರಿಬ್ಬರೂ ತೀರ್ಮಾನ ಮಾಡಲಾಗದ್ದನ್ನು ಹನ್ನೆರಡು ವರ್ಷದವಳ ತಲೆಗೆ ಕಟ್ಟಿದರು. ಅಜ್ಜಿ ನನ್ನ ಕಡೆ ನೋಡಲಿಲ್ಲ, ನಾನು ಏನು ಹೇಳುತ್ತೇನೆಂದು ಅವಳಿಗೆ ಸಂಶಯವೇ ಇರಲಿಲ್ಲ.

“ತಗೀರಿ,” ಎಂದೆ.

ಅಪ್ಪ ಉಜ್ಜಿದ. ಅಜ್ಜಿ ಏಳಲಿಲ್ಲ. ಅರದ ಕೆಳಗೆ ಸೆರಗು ಹಿಡಿದು, ಉದುರಿದ ಕಂಚಿನ ಪುಡಿಯನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡಳು. ಒಂದು ಕಣವೂ ನೆಲಕ್ಕೆ ಬೀಳದಂತೆ ಗಂಟು ಕಟ್ಟಿ, ಹೋಗಿ ಕುಂಕುಮದ ಭರಣಿಯಲ್ಲಿ ಹಾಕಿ ದೇವರ ಗೂಡಿನಲ್ಲಿಟ್ಟಳು. ಬೆಂಕಿ ಹಿಡಿದು, ಆಸಿಡ್ ಬಳಿದು, ಕತ್ತಲಾಗುವುದರೊಳಗೆ ಅಪ್ಪ ಆ ಜಾಗದ ಬಣ್ಣ ಕೂಡಿಸಿದ. ಮೂರ್ತಿ ಮುಂಬಯಿಗೆ ಹೋಯಿತು, ಅಲ್ಲಿ ಯಾರೋ ಕೊಂಡರಂತೆ. ನಾನು ಅದನ್ನು ಮತ್ತೆ ನೋಡಲಿಲ್ಲ. ಅಪ್ಪನ ಹೆಸರು ಒಂದೆರಡು ಪತ್ರಿಕೆಗಳಲ್ಲಿ ಬಂತು, ಆದರೆ ಅವನು ಪಂಪು ಎರೆಯುವುದೂ ತಪ್ಪಲಿಲ್ಲ.

ಅಜ್ಜಿ ದೀಪಾವಳಿಯವರೆಗೆ ನನ್ನೊಡನೆ ಮಾತು ಬಿಟ್ಟಳು. ಎರಡು ಮೊಳ ದೂರದಲ್ಲಿ ಕೂತು ಅಮ್ಮನ ಮೂಲಕ ಹೇಳಿಸುತ್ತಿದ್ದಳು, “ಆ ಚಸ್ಮಾದಾಕಿಗೆ ಹೇಳು, ರೊಟ್ಟಿ ಆರತಾವಂತ.” ಆಮೇಲೆ ಮಾತು ಬಂತು, ಮುನಿಸು ಪೂರ್ತಿ ಹೋಗಲಿಲ್ಲ. ಪ್ರತಿ ವರ್ಷ ನನ್ನ ಚಸ್ಮಾದ ನಂಬರು ಏರುತ್ತಿತ್ತು, ಪ್ರತಿ ಸಲವೂ “ಎಷ್ಟಾತು?” ಎಂದು ಕೇಳಿ, ಉತ್ತರ ಬಂದ ಕೂಡಲೇ ಅಪ್ಪನನ್ನು ನೋಡುತ್ತಿದ್ದಳು. ಕಣ್ಣಿರದಿದ್ದರೆ ಮನುಷ್ಯಳೆಂದು ಗುರುತು ಹಿಡಿಯುವುದು ಹೇಗೆ ಎಂಬ ಅವಳ ವಾದ ನಿಲ್ಲಲಿಲ್ಲ. ಅಪ್ಪನೂ ಬಿಡುವವನಲ್ಲ. ನಾನು ಕಾಲೇಜು ಮುಗಿಸಿದೆ, ಪುಣೆಯಲ್ಲೇ ಒಂದು ಆಫೀಸಿನಲ್ಲಿ ಕೆಲಸ ಹಿಡಿದೆ, ಎಲ್ಲರ ಕೈಗೂ ಮೊಬೈಲ್ ಬಂತು, ಇವರಿಬ್ಬರ ಜಗಳ ಮಾತ್ರ ಅದೇ ಶೆಡ್ಡಿನ ಬಾಗಿಲಲ್ಲಿ ನಿಂತಿತ್ತು.

ಅಷ್ಟರಲ್ಲಿ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಮಾಡಿಸೋಣವೆಂದರೆ, “ನನ್ನ ಕಣ್ಣಿಗೆ ಯಾರೂ ಉಳಿ ಹಚ್ಚೂದು ಬ್ಯಾಡ” ಎಂದು ಹಟ. ನಾನು ಅಂಗಲಾಚಿದೆ, ರೇಗಿದೆ, ಡಾಕ್ಟರನ್ನು ಮನೆಗೇ ಕರೆಸಿದೆ. ಡಾಕ್ಟರಿಗೆ ಚಹಾ ಕುಡಿಸಿ ಕಳಿಸಿದಳು. ಹೆಜ್ಜೆ ಸಪ್ಪಳವಾದರೆ ಸಾಕು, ಮನೆಯವರಾದರೂ ಸರಿ, “ಯಾರದು?” ಎಂದು ಕೇಳುತ್ತಿದ್ದಳು. ದಿನಕ್ಕೆ ನೂರು ಸಲ ಹೆಸರು ಹೇಳಿ ಹೇಳಿ ನಮಗೆ ಸಾಕಾಗಿತ್ತು.

ಒಂದು ಗುರುವಾರ ಮಧ್ಯಾಹ್ನ ಆಫೀಸಿನಿಂದ ಬೇಗ ಬಂದೆ. ಹಿಂದಿನ ದಿನ ಅಜ್ಜಿಗೆಂದು ಪಿಸ್ತಾ ಕುಲ್ಫಿ ತಂದಿದ್ದೆ, ಅವಳಿಗೆ ಈಚೆಗೆ ಅದೊಂದೇ ರುಚಿಸುತ್ತಿತ್ತು. ಫ್ರಿಜ್ಜಿನ ಮೇಲಿನ ಐಸಿನ ಅರೆಯಲ್ಲಿ ಇಟ್ಟು, ಅಪ್ಪನಿಗೆ ಮೂರು ಸಲ ಹೇಳಿದ್ದೆ. ಬರಿಗಾಲಲ್ಲಿ ಅಡುಗೆಮನೆಗೆ ಹೋದರೆ ಕುಲ್ಫಿ ಕಟ್ಟೆಯ ಮೇಲೆ ಹಸಿರು ನೀರಾಗಿ ಇರುವೆಗಳಿಗೆ ಹಬ್ಬವಾಗಿತ್ತು. ಫ್ರಿಜ್ ತೆಗೆದೆ. ಐಸಿನ ಅರೆಯಲ್ಲಿ ಮೇಣದ ತೊಡೆ. ಇಷ್ಟು ವರ್ಷವಾದರೂ ಈ ಮನುಷ್ಯನಿಗೆ ಏನು ಹೇಳಿ ಏನು ಫಲ? ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನಡುಕೋಣೆಯಲ್ಲಿ ಅಪ್ಪ ಅಜ್ಜಿಯ ಪಕ್ಕದಲ್ಲಿ ಕೂತು, ತಲೆ ಬಗ್ಗಿಸಿ ಮೇಣ ತೀಡುತ್ತಿದ್ದ. ಅಜ್ಜಿ ಕೈಯಾಡಿಸಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಸಪ್ಪಳ ಮಾಡಿರಲಿಲ್ಲ, ಕೆಮ್ಮಿರಲಿಲ್ಲ. ನನ್ನ ಹಿಂದೆ ಅಡುಗೆಮನೆಯ ಕಿಟಕಿಯ ಬೆಳಕಿತ್ತು. ಅಜ್ಜಿ ಮುಖ ಎತ್ತಿ ಬಾಗಿಲ ಕಡೆ ತಿರುಗಿದಳು. ಯಾರದು ಎಂದು ಕೇಳಲಿಲ್ಲ.

“ಯಾಕ ಗಂಗವ್ವಾ, ಯಾರ ಏನಂದ್ರು? ಸಿಟ್ಟಿಗೆದ್ದು ನಿಂತಿಯಲ್ಲ?”

ಅಪ್ಪನ ಕೈ ನಿಂತಿತು.

“ನಿನಗ ಕಣ್ಣ ಕಾಣ್ತಾವೇನು ಅಜ್ಜಿ?” ಎಂದೆ. “ನನ್ನ ಮಾರಿ ಕಾಣ್ತದ?”

“ಮಾರಿ ಎಲ್ಲಿ ಕಾಣ್ತದ. ಮಾರಿ ಇದ್ದಲ್ಲಿ ಬರೇ ಹಿಟ್ಟಿನ ಉಂಡಿ ಅದ. ಒಂದ ಭುಜ ಕಿವಿಗೇರಿಸಿ ಹಂಗ ಸೊಟ್ಟಗ ನಿಂದ್ರಾಕಿ ಈ ಮನ್ಯಾಗ ಮತ್ಯಾರದಾರ?”

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಅವರೆಕಾಯಿ ಹಿಡಿದ ಕೈ ಮೊರದ ಮೇಲೆ ಸುಮ್ಮನೆ ಬಿತ್ತು. ಆಮೇಲೆ ಅಪ್ಪ ಕೂತ ಕಡೆ ಮುಖ ತಿರುಗಿಸಿ ಗದರಿದಳು.

“ನೀ ಏನ್ ನಗಬ್ಯಾಡ.”

ಅಪ್ಪ ನಗುತ್ತಿರಲಿಲ್ಲ. ಅದು ಅವಳಿಗೆ ಕಾಣಲಿಲ್ಲ. ಚಸ್ಮಾ ಹಾಕಿದ್ದ ನನಗೆ ಕಂಡಿತು.